ಮಲ್ಪೆಯಿಂದ ಬೋಟ್ ಹತ್ತುವವರಿಗೆ: ಸೇಂಟ್ ಮೇರೀಸ್ ದ್ವೀಪ ಮತ್ತು ಸುವರ್ಣಾ ಹೊಳೆಯ ವಿಹಾರ

ಉಡುಪಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬೆಳಿಗ್ಗೆ ಕೃಷ್ಣಮಠ, ಮಧ್ಯಾಹ್ನ ಊಟ, ಊಟವಾದ ಮೇಲೆ ಮಲ್ಪೆ, ಸಮಯ ಉಳಿದರೆ ದ್ವೀಪ ಎಂಬ ಕ್ರಮದಲ್ಲಿ ದಿನವನ್ನು ಹಂಚಿಕೊಳ್ಳುತ್ತಾರೆ. ಕಡಲಿನ ಕಡೆಯಿಂದ ನೋಡಿದರೆ ಈ ಕ್ರಮ ಪೂರ್ತಿ ತಿರುಗುಮುರುಗಾಗಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನೀರು ಶಾಂತವಾಗಿರುತ್ತದೆ. ಮಧ್ಯಾಹ್ನದ ನಂತರ ಗಾಳಿ ಏಳುತ್ತದೆ, ಬಿಸಿಲು ಬಂಡೆಗಳನ್ನು ಕಾಯಿಸುತ್ತದೆ, ಜನಸಂದಣಿ ಹೆಚ್ಚುತ್ತದೆ, ಮರಳುವ ಬೋಟಿನ ಗಡುವೂ ಹತ್ತಿರ ಬಂದಿರುತ್ತದೆ. ಆದ್ದರಿಂದ ಮಲ್ಪೆಯಿಂದ ದೋಣಿ ವಿಹಾರ ಮಾಡಬೇಕೆಂದಿರುವವರಿಗೆ ನಾನು ಕೊಡುವ ಮೊದಲ ಸಲಹೆಯೆಂದರೆ ಬೆಳಗನ್ನು ಕಡಲಿಗೆ ಕೊಟ್ಟು ದೇವರ ದರ್ಶನವನ್ನು ಸಂಜೆಗೆ ಇಟ್ಟುಕೊಳ್ಳುವುದು, ಮತ್ತು ಕಡಲು ಒಪ್ಪದ ದಿನಕ್ಕಾಗಿ ಹೊಳೆಯ ವಿಹಾರವನ್ನು ಮನಸ್ಸಿನಲ್ಲಿ ಕಾದಿರಿಸಿಕೊಳ್ಳುವುದು. ಈ ಬರಹದ ಉಳಿದ ಮಾತುಗಳೆಲ್ಲ ಇದೇ ಸಲಹೆಯ ವಿವರಗಳು.

ಯಾವ ತಿಂಗಳು, ಯಾವ ಹೊತ್ತು

ಮಲ್ಪೆಯಿಂದ ದ್ವೀಪಕ್ಕೆ ಹೋಗುವ ಬೋಟುಗಳು ವರ್ಷವಿಡೀ ಓಡುವುದಿಲ್ಲ. ನೈಋತ್ಯ ಮುಂಗಾರು ಸಮೀಪಿಸುತ್ತಿದ್ದಂತೆ ಜಿಲ್ಲಾಡಳಿತ ಪ್ರವಾಸಿ ಬೋಟುಗಳನ್ನು ನಿಲ್ಲಿಸುತ್ತದೆ. ಸೆಪ್ಟೆಂಬರಿನಲ್ಲಿ ಕಡಲು ಇಳಿದ ಮೇಲೆಯೇ ಮತ್ತೆ ಅನುಮತಿ ಸಿಗುತ್ತದೆ. ನಿಲ್ಲಿಸುವ ಮತ್ತು ಆರಂಭಿಸುವ ದಿನಗಳು ಆ ವರ್ಷದ ಮಳೆಯನ್ನು ಅವಲಂಬಿಸಿ ಹಿಂದೆ ಮುಂದೆ ಆಗುತ್ತವೆ. ಅಕ್ಟೋಬರಿನಲ್ಲಿಯೂ ಕೆಲವೊಮ್ಮೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿ, ದಡದಲ್ಲಿ ಬಿಸಿಲಿದ್ದರೂ ಕಡಲು ಪ್ರಕ್ಷುಬ್ಧವಾಗುತ್ತದೆ. ಇಂಥ ದಿನಗಳನ್ನು ಮಲ್ಪೆಯ ಮೀನುಗಾರರು ತೂಫಾನಿನ ದಿನಗಳೆನ್ನುತ್ತಾರೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ವಿಹಾರಕ್ಕೆ ಅತ್ಯಂತ ಯೋಗ್ಯವಾದುದು. ಆಗ ಸೆಕೆ ಕಡಿಮೆ, ಅಲೆ ಕಡಿಮೆ. ಆಕಾಶ ತಿಳಿಯಾಗಿರುವ ಬೆಳಿಗ್ಗೆ ದ್ವೀಪದ ಕಡೆಯಿಂದ ಹಿಂದಿರುಗಿ ನೋಡಿದರೆ ತೆಂಗಿನ ಸಾಲಿನ ಹಿಂದೆ ಪಶ್ಚಿಮಘಟ್ಟದ ನೀಲಿ ರೇಖೆಯೂ ಕಾಣುತ್ತದೆ. ಮಾರ್ಚ್ ಮತ್ತು ಏಪ್ರಿಲ್‌ಗಳಲ್ಲಿ ಹೋಗುವವರು ಬಿಸಿಲಿಗೆ ಸಿದ್ಧರಾಗಿಯೇ ಹೋಗಬೇಕು.

ದಿನದೊಳಗಿನ ಹೊತ್ತಿನ ಲೆಕ್ಕಕ್ಕೆ ಗಾಳಿಯ ನಡೆಯನ್ನು ತಿಳಿದುಕೊಂಡಿರಬೇಕು. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ; ಅದು ದಡದ ಹತ್ತಿರದ ನೀರನ್ನು ಹೆಚ್ಚು ಕಲಕುವುದಿಲ್ಲ. ಹೊತ್ತು ಏರಿದಂತೆ ನೆಲ ಕಾಯುತ್ತದೆ, ಗಾಳಿಯ ದಿಕ್ಕು ಬದಲಾಗಿ ಕಡಲಿನಿಂದ ನೆಲದ ಕಡೆಗೆ ಬೀಸತೊಡಗುತ್ತದೆ, ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಅದು ಬಲಗೊಂಡು ಸಣ್ಣ ಸಣ್ಣ ಚೂಪಾದ ಅಲೆಗಳನ್ನು ಎಬ್ಬಿಸುತ್ತದೆ. ಅಲೆ ಅಪಾಯದ ಮಟ್ಟಕ್ಕೆ ಏರದಿದ್ದರೂ ಬೋಟಿನ ಹೊಯ್ದಾಟ ಹೆಚ್ಚುತ್ತದೆ, ನೀರಿನ ಹನಿ ಮೈಮೇಲೆ ಹಾರುತ್ತದೆ, ವಾಕರಿಕೆ ಬರುವವರಿಗೆ ಮರುಪ್ರಯಾಣ ಕಷ್ಟವಾಗುತ್ತದೆ. ಬೋಟುಗಳು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆರಂಭವಾಗುತ್ತವೆ. ಮೊದಲ ಅಥವಾ ಎರಡನೆಯ ಬೋಟನ್ನು ಹಿಡಿದು ಹನ್ನೆರಡೂವರೆಯ ಒಳಗೆ ಹಿಂದಿರುಗಿದವರಿಗೆ ಕಡಲಿನ ಉತ್ತಮ ಭಾಗ ಸಿಕ್ಕಂತೆಯೇ.

ಉಬ್ಬರ ಇಳಿತಗಳನ್ನೂ ನೋಡಿಕೊಳ್ಳುವುದು ಒಳ್ಳೆಯದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಮಲ್ಪೆಯಲ್ಲಿ ಈ ವ್ಯತ್ಯಾಸ ಎರಡು ಮೀಟರಿನ ಒಳಗೇ ಇರುತ್ತದೆ. ಗುಜರಾತಿನ ಕೊಲ್ಲಿಗಳ ಮುಂದೆ ಇದು ಏನೂ ಅಲ್ಲದಿದ್ದರೂ, ಸಮತಟ್ಟಾದ ಒಂದು ಚಿಕ್ಕ ದ್ವೀಪಕ್ಕೆ ಒಂದೂವರೆ ಮೀಟರ್ ನೀರೆಂದರೆ ನಡೆಯಬಹುದಾದ ಅಂಚೊಂದು ಕಾಣಿಸಿಕೊಳ್ಳುವುದು ಅಥವಾ ಮುಳುಗಿಹೋಗುವುದು. ಕಲ್ಲಿನ ಕಂಬಗಳ ಬುಡವನ್ನು ನೋಡಬೇಕೆನ್ನುವವರು ಇಳಿತದ ಹೊತ್ತಿಗೆ ಅಲ್ಲಿರುವಂತೆ ಯೋಜಿಸಿಕೊಳ್ಳಬೇಕು.

ಹೊರಡುವ ಹಿಂದಿನ ದಿನ ಎರಡು ಮುನ್ಸೂಚನೆಗಳನ್ನು ಗಮನಿಸಬೇಕು. ಒಂದು, ಭಾರತೀಯ ಹವಾಮಾನ ಇಲಾಖೆ ಮೀನುಗಾರರಿಗೆ ನೀಡುವ ಎಚ್ಚರಿಕೆ. ಇನ್ನೊಂದು, ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ (INCOIS, ಭಾರತೀಯ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ) ಸಂಸ್ಥೆ ಪ್ರಕಟಿಸುವ ಅಲೆಯ ಎತ್ತರದ ಮುನ್ಸೂಚನೆ. ಎರಡನೆಯದನ್ನು ವಿಶೇಷವಾಗಿ ಹೇಳುವುದಕ್ಕೆ ಕಾರಣವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಿಂದೂ ಮಹಾಸಾಗರದ ದೂರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ದಡವನ್ನು ಮುಟ್ಟುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಆ ದಿನ ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಆದರೂ ಬಂಡೆಯ ಮೇಲೆ ನಿಂತವರ ಕಾಲನ್ನು ಅಲೆ ಸೆಳೆಯಬಲ್ಲದು. ಆಕಾಶವನ್ನು ನೋಡಿ ಕಡಲನ್ನು ಅಳೆಯುವುದಕ್ಕೆ ಆಗುವುದಿಲ್ಲವೆನ್ನುವುದನ್ನು ಘಟ್ಟದ ಮೇಲಿನಿಂದ ಬರುವವರು ಮುಖ್ಯವಾಗಿ ನೆನಪಿಡಬೇಕು.

ತಲುಪುವುದು ಮತ್ತು ಬೋಟ್ ಆರಿಸುವುದು

ಉಡುಪಿ ನಗರದಿಂದ ಮಲ್ಪೆಗೆ ಸುಮಾರು ಆರು ಕಿಲೋಮೀಟರ್. ಸಿಟಿ ಬಸ್ ನಿಲ್ದಾಣದಿಂದ ಬಸ್ಸುಗಳು ಬೆಳಗಿನಿಂದಲೇ ಬಿಡುವಿಲ್ಲದೆ ಓಡುತ್ತವೆ; ಕೊಂಕಣ ರೈಲಿನಲ್ಲಿ ಬರುವವರು ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣದಲ್ಲಿ ಇಳಿದು ರಿಕ್ಷಾ ಹಿಡಿಯಬಹುದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸ್ವಂತ ವಾಹನದಲ್ಲಿ ಬರುವವರು ಕರಾವಳಿ ಜಂಕ್ಷನ್ನಿನಲ್ಲಿ ಪಶ್ಚಿಮಕ್ಕೆ ತಿರುಗಬೇಕು. ಡಿಸೆಂಬರ್ ಕೊನೆಯ ವಾರ ಮತ್ತು ದೀರ್ಘ ರಜೆಯ ವಾರಾಂತ್ಯಗಳಲ್ಲಿ ಈ ದಾರಿಯಲ್ಲಿ ವಾಹನಗಳು ಇಂಚಿಂಚಾಗಿ ಸಾಗುವುದರಿಂದ ಎಂಟೂವರೆಯ ಒಳಗೆ ಮಲ್ಪೆಯನ್ನು ಸೇರಿಕೊಳ್ಳುವುದು ಲೇಸು.

ದ್ವೀಪಕ್ಕೆ ಎರಡು ಕಡೆಯಿಂದ ಹೋಗಬಹುದು. ಬಂದರಿನ ಬಳಿಯಿಂದ ಹೊರಡುವ ದೊಡ್ಡ ಬೋಟುಗಳು ನಿಗದಿತ ಸಂಖ್ಯೆಯ ಪ್ರಯಾಣಿಕರು ಸೇರಿದ ಮೇಲೆ ಹೊರಡುತ್ತವೆ. ದ್ವೀಪ ತಲುಪಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುತ್ತದೆ. ಮಲ್ಪೆ ಬೀಚಿನಿಂದ ಹೊರಡುವ ಚಿಕ್ಕ ಬೋಟುಗಳು ಮತ್ತು ಸ್ಪೀಡ್ ಬೋಟುಗಳು ಬೇಗ ಹೊರಡುತ್ತವೆ, ಬೇಗ ತಲುಪುತ್ತವೆ, ದರವೂ ಹೆಚ್ಚು. ಹಿರಿಯರು, ಚಿಕ್ಕ ಮಕ್ಕಳು, ಸೊಂಟದ ನೋವಿರುವವರು ಮತ್ತು ಗರ್ಭಿಣಿಯರು ಸ್ಪೀಡ್ ಬೋಟನ್ನು ಹತ್ತದಿರುವುದೇ ಒಳ್ಳೆಯದು, ಏಕೆಂದರೆ ವೇಗವಾಗಿ ಅಲೆಯಿಂದ ಅಲೆಗೆ ನೆಗೆಯುವಾಗ ಬೆನ್ನಿಗೆ ಬೀಳುವ ಪೆಟ್ಟು ಸಣ್ಣದಲ್ಲ. ದೊಡ್ಡ ಬೋಟಿನ ಪ್ರಯಾಣಕ್ಕೆ ಇನ್ನೊಂದು ಗುಣವಿದೆ. ಬಂದರಿನ ದಕ್ಕೆಯುದ್ದಕ್ಕೂ ಒತ್ತೊತ್ತಾಗಿ ನಿಂತ ಮೀನುಗಾರಿಕಾ ಬೋಟುಗಳನ್ನು, ಬಲೆ ಹೆಣೆಯುತ್ತಿರುವ ಜನರನ್ನು, ಮಂಜುಗಡ್ಡೆ ತುಂಬುವ ಕೆಲಸವನ್ನು, ಮೀನಿಗಾಗಿ ಸುತ್ತುವ ಗರುಡಗಳನ್ನು ನಿಧಾನವಾಗಿ ನೋಡುತ್ತಾ ಹೊರಗೆ ಹೋಗಬಹುದು. ಕರ್ನಾಟಕದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದಾದ ಮಲ್ಪೆಯನ್ನು ನೀರಿನ ಕಡೆಯಿಂದ ನೋಡುವ ಅವಕಾಶ ದ್ವೀಪದಷ್ಟೇ ಬೆಲೆಯುಳ್ಳದ್ದೆಂದು ನಾನು ಭಾವಿಸುತ್ತೇನೆ.

ಬೋಟಿಗಾಗಿ ಕಾಯಬೇಕಾಗಿ ಬಂದರೆ ಸಮೀಪದಲ್ಲಿಯೇ ಇರುವ ವಡಭಾಂಡೇಶ್ವರದ ಬಲರಾಮ ದೇವಸ್ಥಾನಕ್ಕೆ ಹೋಗಿಬರಬಹುದು. ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ಮಧ್ವಾಚಾರ್ಯರು ಇದೇ ದಡದಿಂದ ಪಾರುಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಗಳಲ್ಲಿ ದೊರೆತ ಬಲರಾಮನನ್ನು ಇಲ್ಲಿಯೂ ಕೃಷ್ಣನನ್ನು ಉಡುಪಿಯಲ್ಲಿಯೂ ಪ್ರತಿಷ್ಠಾಪಿಸಿದರು ಎಂಬುದು ಪರಂಪರೆಯ ಕಥೆ. ಇದೇ ನೀರಿಗೆ ಇಳಿಯಲಿರುವವರು ಈ ಕಥೆಯನ್ನು ತಿಳಿದಿದ್ದರೆ ಸಂಜೆಯ ಕೃಷ್ಣದರ್ಶನಕ್ಕೂ ಒಂದು ಹಿನ್ನೆಲೆ ದೊರೆಯುತ್ತದೆ.

ಟಿಕೆಟನ್ನು ಅಧಿಕೃತ ಕೌಂಟರಿನಲ್ಲಿಯೇ ಕೊಳ್ಳಬೇಕು, ಮತ್ತು ಹಿಂದಿರುಗುವವರೆಗೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೋಗುವಾಗ ಹತ್ತಿದ ವ್ಯವಸ್ಥೆಯ ಬೋಟಿನಲ್ಲಿಯೇ ಮರಳಬೇಕಾಗುವುದರಿಂದ, ಮರಳುವ ಬೋಟು ದ್ವೀಪದ ಯಾವ ಜಾಗಕ್ಕೆ, ಎಷ್ಟು ಹೊತ್ತಿಗೆ ಬರುತ್ತದೆ, ಕೊನೆಯ ಬೋಟು ಎಷ್ಟು ಗಂಟೆಗೆ ಎಂಬ ಮೂರು ಪ್ರಶ್ನೆಗಳನ್ನು ಕೌಂಟರಿನಲ್ಲಿಯೇ ಕೇಳಿ ಗುರುತು ಹಾಕಿಕೊಳ್ಳಬೇಕು. ದ್ವೀಪದಲ್ಲಿ ವಸತಿಯಿಲ್ಲ; ರಾತ್ರಿ ಉಳಿಯಲು ಅನುಮತಿಯೂ ಇಲ್ಲ.

ಹತ್ತುವ ಮುನ್ನ ಬೋಟನ್ನು ಒಮ್ಮೆ ಕಣ್ಣಾಡಿಸಿ ನೋಡುವ ಅಭ್ಯಾಸ ಎಲ್ಲರಿಗೂ ಇರಬೇಕು. ಎಷ್ಟು ಜನರನ್ನು ಕೂರಿಸಬಹುದೆಂಬ ಸಂಖ್ಯೆ ಎಲ್ಲಿಯಾದರೂ ಬರೆದಿದೆಯೇ, ಅಷ್ಟೇ ಜನ ಇದ್ದಾರೆಯೇ, ಲೈಫ್ ಜಾಕೆಟುಗಳು ಎಲ್ಲರಿಗೂ ಸಾಕಾಗುವಷ್ಟಿವೆಯೇ, ಅವು ಕೈಗೆ ಸಿಗುವಂತಿವೆಯೇ ಅಥವಾ ಹಗ್ಗದಿಂದ ಕಟ್ಟಿ ಸೂರಿಗೆ ಸಿಕ್ಕಿಸಿಟ್ಟಿದ್ದಾರೆಯೇ ಎಂಬುದನ್ನು ಗಮನಿಸಬೇಕು. ಜನ ಹೆಚ್ಚಾಗಿದ್ದಾರೆ ಎನಿಸಿದರೆ ಸಂಕೋಚಪಡದೆ ಇಳಿದು ಮುಂದಿನ ಬೋಟಿಗೆ ಕಾಯಬೇಕು. ಈ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಜಾಗವೇ ಇಲ್ಲ, ಮತ್ತು ಒಬ್ಬರು ಇಳಿದರೆ ಉಳಿದವರಿಗೂ ಕೇಳುವ ಧೈರ್ಯ ಬರುತ್ತದೆ.

ಲೈಫ್ ಜಾಕೆಟನ್ನು ಹೆಗಲಿಗೆ ಹಾಕಿಕೊಂಡರೆ ಸಾಲದು. ಎಲ್ಲ ಬಕಲುಗಳನ್ನೂ ಹಾಕಿ, ಪಟ್ಟಿಗಳನ್ನು ಎಳೆದು ಬಿಗಿಗೊಳಿಸಿ, ಆಮೇಲೆ ಜೊತೆಯವರಿಂದ ಹೆಗಲಿನ ಭಾಗವನ್ನು ಹಿಡಿದು ಮೇಲಕ್ಕೆ ಎತ್ತಿಸಿ ನೋಡಬೇಕು. ಜಾಕೆಟ್ ಜಾರಿ ಗಲ್ಲವನ್ನು ದಾಟಿದರೆ ಅದು ಸಡಿಲವಾಗಿದೆ ಎಂದರ್ಥ. ನೀರಿಗೆ ಬಿದ್ದರೆ ಜಾಕೆಟ್ ಮಾತ್ರ ತೇಲಿ ಒಳಗಿನ ಮನುಷ್ಯ ಕೆಳಗೆ ಜಾರುತ್ತಾನೆ. ದೊಡ್ಡವರ ಜಾಕೆಟನ್ನು ಮಗುವಿಗೆ ತೊಡಿಸುವುದರಿಂದ ಪ್ರಯೋಜನವಿಲ್ಲ. ಮಕ್ಕಳ ಅಳತೆಯದನ್ನು ಕೇಳಿ ಪಡೆಯಬೇಕು, ಕಾಲಿನ ನಡುವೆ ಹಾಯುವ ಪಟ್ಟಿಯಿದ್ದರೆ ಅದನ್ನೂ ಕಟ್ಟಬೇಕು. ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ನಡುಗಡಲಿನಲ್ಲಿ ಜಾಕೆಟ್ ಬಿಚ್ಚುವವರನ್ನು ಕಂಡಾಗ ಮನಸ್ಸಿಗೆ ಬಹಳ ನೋವಾಗುತ್ತದೆ.

ಅಳಿವೆಯನ್ನು ದಾಟುವಾಗ

ಮಲ್ಪೆ ಬಂದರು ಉದ್ಯಾವರ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿದೆ. ದೊಡ್ಡ ಬೋಟು ಹೊರಗೆ ಹೋಗುವಾಗ ತಡೆಗೋಡೆಯ ಕಲ್ಲುಗಳನ್ನು, ಅದರ ಮೇಲಿನ ಸೀ ವಾಕನ್ನು, ಎದುರು ದಡದ ಪಡುಕೆರೆಯನ್ನು ದಾಟಿ ಹೋಗುತ್ತದೆ. ಹೊಳೆಯ ನೀರು ಇಳಿತದೊಂದಿಗೆ ಹೊರಕ್ಕೆ ಹರಿಯುತ್ತಿರುವಾಗ ಕಡಲಿನ ಅಲೆ ಒಳಕ್ಕೆ ಬರುತ್ತಿದ್ದರೆ, ಎರಡೂ ಎದುರುಬದುರಾಗಿ ಅಲೆಗಳ ನಡುವಿನ ಅಂತರ ಕುಗ್ಗಿ, ಅವು ಕಡಿದಾಗಿ ಏಳುತ್ತವೆ. ಕೆಲವು ನಿಮಿಷ ಬೋಟು ಜೋರಾಗಿ ಮೂತಿ ಎತ್ತಿ ಇಳಿಸುವುದು ಇದೇ ಕಾರಣಕ್ಕೆ. ಹೊಸಬರು ಮುಂದೆ ಇಡೀ ದಾರಿ ಹೀಗೆಯೇ ಎಂದು ಹೆದರುತ್ತಾರೆ. ಆದರೆ ಬಾಯಿಯನ್ನು ದಾಟಿ ಆಳದ ನೀರಿಗೆ ಬಂದ ಮೇಲೆ ಹೊಯ್ದಾಟ ತಗ್ಗುತ್ತದೆ. ಈ ಹೊತ್ತಿನಲ್ಲಿ ಎದ್ದು ನಿಲ್ಲದೆ ಕುಳಿತಲ್ಲಿಯೇ ಗಟ್ಟಿಯಾಗಿ ಹಿಡಿದುಕೊಂಡಿರಬೇಕು.

ಇಡೀ ಪ್ರಯಾಣಕ್ಕೆ ಅನ್ವಯಿಸುವ ನಿಯಮ ಒಂದಿದೆ. ಡಾಲ್ಫಿನ್ ಕಂಡಿತೆಂದು ಯಾರಾದರೂ ಕೂಗಿದಾಗ ಎಲ್ಲರೂ ಒಂದೇ ಬದಿಗೆ ಓಡಬಾರದು. ತೆರೆದ ಬೋಟುಗಳ ಸಮತೋಲ ಕುಳಿತವರ ಭಾರದ ಹಂಚಿಕೆಯ ಮೇಲೆಯೇ ನಿಂತಿರುತ್ತದೆ. ಮೂವತ್ತು ನಲವತ್ತು ಜನ ಒಮ್ಮೆಗೇ ಒಂದು ಅಂಚಿಗೆ ಸರಿದಾಗ, ಅದೇ ಕ್ಷಣದಲ್ಲಿ ಪಕ್ಕದಿಂದ ಅಲೆಯೊಂದು ಬಂದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಮಕ್ಕಳಿಗೆ ಇದನ್ನು ದಡದಲ್ಲಿಯೇ ತಿಳಿಸಿ ಹೇಳಬೇಕು.

ವಾಕರಿಕೆಯ ತೊಂದರೆಯಿರುವವರು ಹೊಟ್ಟೆ ಖಾಲಿಯಿಟ್ಟುಕೊಂಡು ಬರಬಾರದು, ಹಾಗೆಂದು ಮಸಾಲೆದೋಸೆ, ಬನ್ಸ್ ತಿಂದ ಕೂಡಲೇ ಹತ್ತಬಾರದು. ಒಂದೆರಡು ಇಡ್ಲಿ ತಿಂದು ಮುಕ್ಕಾಲು ಗಂಟೆ ಬಿಟ್ಟು ಹೊರಡುವುದು ಸರಿ. ಮಾತ್ರೆ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ವೈದ್ಯರನ್ನು ಕೇಳಿ ಬೋಟ್ ಹತ್ತುವ ಮುಂಚೆಯೇ ತೆಗೆದುಕೊಂಡಿರಬೇಕು, ವಾಕರಿಕೆ ಶುರುವಾದ ಮೇಲೆ ಅದು ಕೆಲಸ ಮಾಡುವುದು ಕಡಿಮೆ. ಬೋಟಿನ ನಡುಭಾಗದಲ್ಲಿ, ಡೀಸೆಲ್ ಹೊಗೆಯಿಂದ ದೂರ ಕುಳಿತು, ಮೊಬೈಲನ್ನು ಒಳಗಿಟ್ಟು ದಿಗಂತದ ಗೆರೆಯನ್ನು ನೋಡುತ್ತಿದ್ದರೆ ಬಹಳ ಮಟ್ಟಿಗೆ ತೊಂದರೆ ತಪ್ಪುತ್ತದೆ.

ದ್ವೀಪದಲ್ಲಿ ಏನನ್ನು ನೋಡಬೇಕು

ಸೇಂಟ್ ಮೇರೀಸ್ ಎಂದು ಕರೆಯುವುದು ಒಂದೇ ದ್ವೀಪವನ್ನಲ್ಲ. ದಡಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣವಾಗಿ ಸಾಲುಗಟ್ಟಿದ ಗುಂಪು ಅದು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಇದು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವಿರುವ ಚಿಕ್ಕ ನೆಲ. ಇದೇ ಗುಂಪಿಗೆ ಸೇರಿದ ದರಿಯಾ ಬಹದ್ದೂರ್‌ಗಡ ಬಂದರಿಗೆ ಹತ್ತಿರದಲ್ಲಿದ್ದು, ಅಲ್ಲಿ ಬಿದನೂರಿನ ಅರಸ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಪ್ರವಾಸಿ ಬೋಟುಗಳು ಅಲ್ಲಿಗೆ ಹೋಗುವುದಿಲ್ಲವಾದರೂ ದಾರಿಯಲ್ಲಿ ಅದನ್ನು ಗುರುತಿಸಿಕೊಳ್ಳಬಹುದು. ಸೇಂಟ್ ಮೇರೀಸ್ ಎಂಬ ಹೆಸರು ಪೋರ್ಚುಗೀಸರಿಂದ ಬಂದದ್ದು: 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿ, ಸಾಂತಾ ಮರಿಯಾಳ ಹೆಸರಿನಲ್ಲಿ ಶಿಲುಬೆಯ ಸ್ತಂಭವನ್ನು ನೆಟ್ಟನೆಂದು ಹೇಳಲಾಗುತ್ತದೆ. ಊರಿನವರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ.

ಆದರೆ ಈ ದ್ವೀಪದ ನಿಜವಾದ ಸಂಪತ್ತು ಅದರ ಕಲ್ಲು. ಇಳಿದ ಕೂಡಲೇ ಸೆಲ್ಫಿಗೆ ನಿಲ್ಲದೆ ಸ್ವಲ್ಪ ಹೊತ್ತು ಬಂಡೆಗಳನ್ನು ಹತ್ತಿರದಿಂದ ನೋಡಬೇಕು. ಯಾರೋ ಉಳಿಯಿಂದ ಕೆತ್ತಿ ಜೋಡಿಸಿದಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಲವು ಎತ್ತರಕ್ಕೆ ಏರಿವೆ, ಕೆಲವು ಮುರಿದು ಮೆಟ್ಟಿಲುಗಳಾಗಿವೆ, ಕೆಲವು ನೆಲಮಟ್ಟದಲ್ಲಿ ಬರಿಯ ಷಟ್ಕೋನದ ಹಾಸಾಗಿ ಉಳಿದಿವೆ. ಮಾನವನ ಕೈ ಇಲ್ಲಿ ಏನನ್ನೂ ಮಾಡಿಲ್ಲ. ದಪ್ಪನೆಯ ಲಾವಾ ಹರವು ಮೇಲಿನಿಂದಲೂ ಕೆಳಗಿನಿಂದಲೂ ನಿಧಾನವಾಗಿ ತಣಿಯುವಾಗ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಡಬೇಕು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿಯುವಂತೆಯೇ ಇಲ್ಲಿಯೂ ಬಹುಭುಜಗಳ ಜಾಲ ಮೂಡುತ್ತದೆ. ತಂಪು ಒಳಕ್ಕೆ ಇಳಿದಂತೆ ಆ ಬಿರುಕುಗಳೂ ಒಳಕ್ಕೆ ಇಳಿಯುತ್ತವೆ, ಮೇಲ್ಮೈಯಲ್ಲಿದ್ದ ಬಹುಭುಜ ಉದ್ದನೆಯ ಕಂಬವಾಗುತ್ತದೆ. ಕಂಬ ಯಾವಾಗಲೂ ತಣಿಯುವ ಮೇಲ್ಮೈಗೆ ಲಂಬವಾಗಿ ಬೆಳೆಯುವುದರಿಂದ, ಕಂಬ ವಾಲಿರುವ ಕಡೆ ಆ ಮೇಲ್ಮೈಯೂ ವಾಲಿತ್ತೆಂದು ಊಹಿಸಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದ್ವೀಪದ ಸುತ್ತ ನಡೆದರೆ ಪ್ರತಿಯೊಂದು ಬಂಡೆಯ ಗುಂಪೂ ಬೇರೆ ಬೇರೆಯಾಗಿ ಕಾಣತೊಡಗುತ್ತದೆ.

ಈ ಲಾವಾ ಹೊರಬಂದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲಿಯೂ ದೊರೆಯುತ್ತವೆ. ದಖ್ಖನ್ನಿನ ಕಪ್ಪು ಬಸಾಲ್ಟ್ ಪದರಗಳು ಸುಮಾರು 6.6 ಕೋಟಿ ವರ್ಷಗಳ ಹಿಂದಿನವು. ಅಂದರೆ ಈ ದ್ವೀಪದ ಕಲ್ಲು ಅವುಗಳಿಗಿಂತ ಬಹಳ ಹಳೆಯದು, ಅವುಗಳಿಗೆ ಸೇರಿದ್ದೂ ಅಲ್ಲ. ಇದನ್ನು ಬಸಾಲ್ಟ್ ಎಂದು ಕರೆಯುವ ರೂಢಿಯಿದ್ದರೂ, ಸಿಲಿಕಾ ಅಂಶ ಹೆಚ್ಚಾಗಿರುವ ರಯೋಲೈಟ್, ಡೇಸೈಟ್ ಬಗೆಯ ಶಿಲೆಯೆಂದು ನಂತರದ ಅಧ್ಯಯನಗಳು ತೋರಿಸಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಅದೇ ಪಟ್ಟಿಯಲ್ಲಿದೆ. ಹಾಗಿರುವಾಗ ಕಲ್ಲಿನ ಮೇಲೆ ಹೆಸರು ಗೀಚುವುದು, ತುಂಡು ಮುರಿದು ಬ್ಯಾಗಿಗೆ ಹಾಕಿಕೊಳ್ಳುವುದು ತಪ್ಪೆಂದು ಬೇರೆಯಾಗಿ ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ. ಕೋಟಿಗಟ್ಟಲೆ ವರ್ಷ ಉಳಿದುಬಂದದ್ದನ್ನು ಒಂದು ಮೊಳೆಯಿಂದ ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಕಪ್ಪೆಚಿಪ್ಪುಗಳನ್ನೂ ಅಲ್ಲಿಯೇ ಬಿಡಬೇಕು. ದ್ವೀಪದ ಒಂದು ಬದಿಯ ದಡ ಮರಳಿನ ಬದಲು ಚಿಪ್ಪುಗಳ ಚೂರಿನಿಂದಲೇ ಆದದ್ದು. ಬಂದವರೆಲ್ಲ ಒಂದೊಂದು ಹಿಡಿ ಒಯ್ದರೆ ಆ ದಡ ಎಷ್ಟು ದಿನ ಉಳಿದೀತು?

ಶಾಲೆಯ ಮಕ್ಕಳನ್ನು ಕರೆತರುವ ಶಿಕ್ಷಕರು ಬೋಟ್ ಹತ್ತುವ ಮೊದಲು ಈ ಸಂಗತಿಗಳನ್ನು ಹತ್ತು ನಿಮಿಷ ವಿವರಿಸಿದರೆ, ಬೋಟಿನ ಆಟಕ್ಕಾಗಿ ಮಾತ್ರ ಬಂದ ಮಕ್ಕಳು ದ್ವೀಪದಲ್ಲಿ ಕಂಬಗಳ ಮುಖಗಳನ್ನು ಎಣಿಸಲು ಪೈಪೋಟಿ ನಡೆಸುತ್ತಾರೆ. ಎಣಿಸುವುದಕ್ಕೆ ಒಳ್ಳೆಯ ಜಾಗವೆಂದರೆ ದಡದಿಂದ ಒಳಗಿರುವ, ಒಣಗಿದ, ನೆಲಮಟ್ಟದ ಹಾಸು.

ಬಂಡೆಯ ಅಂಚು

ದ್ವೀಪದಲ್ಲಿ ಆಗುವ ಅನಾಹುತಗಳು ಬಂಡೆಯ ಅಂಚಿನಲ್ಲಿ ಆಗುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಅಲೆ ಮುಟ್ಟುವ ಎತ್ತರದಲ್ಲಿರುವ ಕಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ, ಒಣಗಿದಂತೆ ಕಂಡರೂ ಜಾರುತ್ತದೆ. ಕಂಬಗಳ ಸಂದಿನಲ್ಲಿ ನೀರು ನುಗ್ಗಿ ಹಿಂದೆ ಸರಿಯುವಾಗ ಸೆಳೆತ ಬಲವಾಗಿರುತ್ತದೆ. ಕೆಳಗೆ ಬಿದ್ದವರಿಗೆ ಹಿಡಿದುಕೊಳ್ಳಲು ಚೂಪಾದ ಕಲ್ಲಿನ ಹೊರತು ಏನೂ ಸಿಗುವುದಿಲ್ಲ. ಈಜು ಬಲ್ಲವರೂ ತಲೆಗೆ ಪೆಟ್ಟು ಬಿದ್ದರೆ ಅಸಹಾಯಕರಾಗುತ್ತಾರೆ.

ಕಡಲಿನ ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಹಲವು ಸಣ್ಣ ಅಲೆಗಳ ನಂತರ ಒಂದು ಗುಂಪು ದೊಡ್ಡ ಅಲೆಗಳು ಬರುತ್ತವೆ. ಆದ್ದರಿಂದ ಒಂದು ಬಂಡೆಯ ಬಳಿ ಹೋಗುವ ಮೊದಲು ಸ್ವಲ್ಪ ದೂರದಲ್ಲಿ ಹತ್ತು ನಿಮಿಷ ನಿಂತು, ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಏರುತ್ತದೆ ಎಂದು ನೋಡಬೇಕು; ಕಲ್ಲು ಒದ್ದೆಯಾಗಿರುವ ಗೆರೆಯೇ ಅದರ ಗುರುತು. ಆ ಗೆರೆಯಿಂದ ಮೇಲಕ್ಕೆ, ಒಣ ನೆಲದಲ್ಲಿಯೇ ಉಳಿಯಬೇಕು. ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬಾರದು. ಜೀವರಕ್ಷಕರು ಸಿಳ್ಳೆ ಹಾಕಿದರೆ ವಾದಿಸದೆ ಹಿಂದೆ ಬರಬೇಕು. ನೀರಿಗೆ ಇಳಿಯುವ ಆಸೆಯಿದ್ದರೆ, ಈಜಲು ಗುರುತಿಸಿರುವ ಜಾಗದಲ್ಲಿ, ರಕ್ಷಕರ ಕಣ್ಣೆದುರಿಗೆ ಮಾತ್ರ. ನನ್ನ ಮಟ್ಟಿಗೆ ಹೇಳುವುದಾದರೆ, ಸ್ನಾನಕ್ಕೆ ಮಲ್ಪೆಯ ಮರಳಿನ ದಡ ಇರುವಾಗ ಕಲ್ಲಿನ ದ್ವೀಪದಲ್ಲಿ ನೀರಿಗೆ ಇಳಿಯುವ ಅಗತ್ಯವೇ ಇಲ್ಲ.

ಯಾರಾದರೂ ಬಿದ್ದರೆ ಹಿಂದೆಯೇ ಧುಮುಕುವುದು ಇನ್ನೊಂದು ಜೀವವನ್ನು ಕಳೆಯುವ ದಾರಿ. ಕೂಗಿ ರಕ್ಷಕರನ್ನು ಕರೆಯಬೇಕು, ತೇಲುವ ಯಾವುದೇ ವಸ್ತುವನ್ನು ಅವರತ್ತ ಎಸೆಯಬೇಕು, ಒಬ್ಬರು ಕಣ್ಣು ತೆಗೆಯದೆ ಅವರಿದ್ದ ಜಾಗವನ್ನು ನೋಡುತ್ತಿರಬೇಕು. ತುರ್ತು ಕರೆಗೆ 112, ತಟರಕ್ಷಣಾ ಪಡೆಗೆ 1554.

ಕೈಯಲ್ಲಿ ಏನಿರಬೇಕು

ಕಡಿಮೆ ಇದ್ದಷ್ಟೂ ಒಳ್ಳೆಯದು. ಇಳಿಯುವಾಗ ಹತ್ತುವಾಗ ಎರಡೂ ಕೈ ಖಾಲಿಯಿರುವಂತೆ ಬೆನ್ನಿಗೆ ಹಾಕುವ ಒಂದೇ ಚೀಲ ಸಾಕು. ನೀರು ಕಡಿಮೆಯಿರುವಲ್ಲಿ ಮೊಣಕಾಲಿನವರೆಗೆ ನೆನೆದು ಇಳಿಯಬೇಕಾಗಿ ಬರಬಹುದಾದ್ದರಿಂದ ಸೀರೆ, ಉದ್ದನೆಯ ಲಂಗಗಳಿಗಿಂತ ಮೇಲಕ್ಕೆ ಮಡಿಚಬಹುದಾದ ಉಡುಪು ಅನುಕೂಲ. ಹಿಂಬದಿಗೆ ಪಟ್ಟಿಯಿರುವ ರಬ್ಬರ್ ತಳದ ಚಪ್ಪಲಿ ಬೇಕು; ಹವಾಯಿ ಚಪ್ಪಲಿ ಕಲ್ಲಿನ ಮೇಲೆ ಕೈಕೊಡುತ್ತದೆ, ಬರಿಗಾಲಿಗೆ ಚಿಪ್ಪಿನ ಚೂರು ಕುಯ್ಯುತ್ತದೆ. ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಮೊಬೈಲಿಗೆ ನೀರು ಹೋಗದ ಹೊದಿಕೆ, ನಿಯಮಿತವಾಗಿ ತೆಗೆದುಕೊಳ್ಳುವ ಔಷಧ, ಇಷ್ಟು ಸಾಕು. ಪ್ಲಾಸ್ಟಿಕ್ ಮತ್ತು ಮದ್ಯವನ್ನು ದ್ವೀಪಕ್ಕೆ ಒಯ್ಯುವಂತಿಲ್ಲ, ಚೀಲಗಳನ್ನು ತಪಾಸಣೆ ಮಾಡುವುದುಂಟು. ಒಂದೂವರೆ ಎರಡು ಗಂಟೆ ಇದ್ದು ಬರುವ ಜಾಗಕ್ಕೆ ಊಟದ ಬುತ್ತಿ ಬೇಕಾಗುವುದಿಲ್ಲ. ದಡಕ್ಕೆ ಬಂದು ಮೀನಿನ ಊಟವನ್ನೋ ಉಡುಪಿಯ ಸಸ್ಯಾಹಾರವನ್ನೋ ನೆಮ್ಮದಿಯಿಂದ ಮಾಡಬಹುದು.

ಕಡಲು ಒಪ್ಪದ ದಿನ ಹೊಳೆ

ಬೋಟು ಇಲ್ಲವೆಂದು ಕೌಂಟರಿನಲ್ಲಿ ಹೇಳಿದರೆ ಅವರೊಂದಿಗೆ ಜಗಳವಾಡುವುದಾಗಲಿ, ಹೆಚ್ಚು ಹಣ ಕೊಟ್ಟು ಯಾವುದೋ ಖಾಸಗಿ ದೋಣಿಯನ್ನು ಒಪ್ಪಿಸುವುದಾಗಲಿ ಕೂಡದು. ಅಂಥ ದಿನ ಮಲ್ಪೆಯಿಂದ ಉತ್ತರಕ್ಕೆ, ತೋನ್ಸೆ, ಕೆಮ್ಮಣ್ಣು, ಕೋಡಿಬೆಂಗ್ರೆಯ ಕಡೆಗೆ ಹೋಗಬೇಕು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸುವರ್ಣಾ ಹೊಳೆ, ನಡುವೆ ತೆಂಗಿನ ತೋಟಗಳ ಕಿರಿದಾದ ಪಟ್ಟಿಯ ಮೇಲೆ ರಸ್ತೆ. ತುದಿಯಲ್ಲಿ ಸುವರ್ಣಾ ಮತ್ತು ಸೀತಾ ಹೊಳೆಗಳು ಒಂದಾಗಿ ಹಂಗಾರಕಟ್ಟೆಯ ಎದುರು ಕಡಲಿಗೆ ಸೇರುತ್ತವೆ. ಈ ಹಿನ್ನೀರಿನಲ್ಲಿ ದೋಣಿ, ಹೌಸ್‌ಬೋಟ್, ಕಯಾಕ್ ಎಲ್ಲವೂ ದೊರೆಯುತ್ತವೆ. ಕುದ್ರುಗಳೆಂದು ಕರೆಯುವ ಹೊಳೆಯ ನಡುಗಡ್ಡೆಗಳ ಸುತ್ತ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ಪಕ್ಕದಲ್ಲಿ, ಮರುವಾಯಿ ಎಂಬ ಚಿಪ್ಪುಜೀವಿಗಳನ್ನು ಹೆಕ್ಕುವ ಜನರನ್ನು ನೋಡುತ್ತಾ ಸಾಗುವ ಈ ಪ್ರಯಾಣದಲ್ಲಿ ಅಲೆಯ ಹೊಯ್ದಾಟವಿರುವುದಿಲ್ಲ. ಹಿರಿಯರಿರುವ ಕುಟುಂಬಕ್ಕೆ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಲು ನನಗೆ ಹಿಂಜರಿಕೆಯಿಲ್ಲ.

ಹೊಳೆಗೆ ಸಂಜೆಯ ಹೊತ್ತು ಚೆನ್ನ. ಕಾಂಡ್ಲಾ ಕಾಡಿನ ಕಿರುಗಾಲುವೆಗಳಲ್ಲಿ ಕಯಾಕ್ ನಡೆಸಬೇಕೆಂದಿರುವವರು, ದ್ವೀಪದ ಲೆಕ್ಕಕ್ಕೆ ವಿರುದ್ಧವಾಗಿ, ಉಬ್ಬರದ ಹೊತ್ತನ್ನೇ ಆರಿಸಿಕೊಳ್ಳಬೇಕು. ಇಳಿತದಲ್ಲಿ ಅಲ್ಲಿ ಕೆಸರು ಮೇಲೆದ್ದು ಕಯಾಕ್ ಸಿಕ್ಕಿಕೊಳ್ಳುತ್ತದೆ. ಹೊಳೆ ಶಾಂತವಾಗಿದೆಯೆಂದು ಲೈಫ್ ಜಾಕೆಟ್ ಬಿಡುವಂತಿಲ್ಲ. ಮುಖ್ಯವಾಗಿ, ದೋಣಿಯವನನ್ನು ಕೋಡಿಬೆಂಗ್ರೆಯ ಅಳಿವೆಯ ಬಾಯಿಯವರೆಗೆ ಒಯ್ಯುವಂತೆ ಒತ್ತಾಯಿಸಬಾರದು. ಎರಡು ಹೊಳೆಗಳ ನೀರು ಒಟ್ಟಾಗಿ ಹೊರಗೆ ನುಗ್ಗುವ ಆ ಜಾಗದಲ್ಲಿ ಮರಳದಿಣ್ಣೆಗಳು ಋತುವಿನಿಂದ ಋತುವಿಗೆ ಸ್ಥಳ ಬದಲಿಸುತ್ತವೆ, ಹಿನ್ನೀರಿನ ತೆಳು ದೋಣಿಗಳು ಅಲ್ಲಿನ ಅಲೆಗೆ ಮಾಡಿದವಲ್ಲ. ಹೊಳೆ ಕಡಲನ್ನು ಸೇರುವುದನ್ನು ನೋಡಬೇಕೆಂದರೆ ದೋಣಿಯಿಂದ ಇಳಿದು, ಬೆಂಗ್ರೆಯ ಮರಳಿನ ಮೇಲೆ ನಡೆದುಕೊಂಡು ಹೋಗಿ, ನೀರಿನ ಅಂಚಿನಿಂದ ದೂರ ನಿಂತು ನೋಡಬಹುದು.